ಕ್ನಿಡೋಸ್ ಬಂದರು ಮತ್ತು ಅದರ ಮಡಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಏಜಿಯನ್ ಕಡಲಂಚಿನ ಹಳೆಯ ಊರುಗಳ ಬಗ್ಗೆ ಎಲ್ಲಿ ಮಾತನಾಡಿದರೂ ಕ್ನಿಡೋಸ್ ಬಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ಸಭೆಯಲ್ಲೇ ಕೇಳುತ್ತಾರೆ, ಕೆಲವರು ಆಮೇಲೆ ಪತ್ರ ಬರೆಯುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಊರಿನ ಪರಿಚಯ

ಕ್ನಿಡೋಸ್ ಇರುವುದು ಗ್ರೀಸ್‌ನಲ್ಲೋ ಟರ್ಕಿಯಲ್ಲೋ?

ಇಂದಿನ ಟರ್ಕಿಯಲ್ಲಿ. ನೈರುತ್ಯ ಮೂಲೆಯ ಮುಗ್ಲಾ ಪ್ರಾಂತ್ಯದಲ್ಲಿ ದಾಟ್ಚಾ ಎಂಬ ಸಪೂರವಾದ ಪರ್ಯಾಯ ದ್ವೀಪವಿದೆ. ಅದರ ಪಶ್ಚಿಮ ತುದಿಯ ತೆಕಿರ್ ಭೂಶಿರದಲ್ಲಿ ಈ ಊರಿನ ಅವಶೇಷಗಳಿವೆ. ಅಲ್ಲಿ ನಿಂತರೆ ಒಂದು ಕಡೆ ಏಜಿಯನ್ ಸಮುದ್ರ, ಇನ್ನೊಂದು ಕಡೆ ಮೆಡಿಟರೇನಿಯನ್. ಎದುರಿಗೆ ಕೋಸ್ ದ್ವೀಪ. ಇಲ್ಲಿ ನೆಲೆಸಿದವರು ಗ್ರೀಕರಲ್ಲೇ ಡೋರಿಯನ್ ಎಂಬ ಪಂಗಡದವರು. ಆ ಕಾಲದಲ್ಲಿ ಈ ಕರಾವಳಿಯ ಅನೇಕ ಊರುಗಳು ಗ್ರೀಕ್ ಮಾತನಾಡುವ ಊರುಗಳೇ ಆಗಿದ್ದರಿಂದ ಇಂದಿನ ಗಡಿರೇಖೆಯನ್ನು ಅಂದಿಗೆ ಹೊಂದಿಸಲಾಗದು.

ಒಂದೇ ಊರಿಗೆ ಎರಡು ಬಂದರು ಏಕೆ ಬೇಕಾಯಿತು?

ನೆಲದ ಆಕಾರವೇ ಹಾಗಿತ್ತು. ತೀರದ ಎದುರಿಗೆ ಒಂದು ದ್ವೀಪವಿತ್ತು. ಕ್ನಿಡೋಸ್‌ನವರು ಅದನ್ನು ಕಲ್ಲಿನ ಒಡ್ಡು ಹಾಕಿ ನೆಲಕ್ಕೆ ಜೋಡಿಸಿದರು. ಒಡ್ಡಿನ ಎರಡೂ ಬದಿಯಲ್ಲಿ ಒಂದೊಂದು ಬಂದರು ಸಿದ್ಧವಾಯಿತು. ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಇದನ್ನು ಸ್ಪಷ್ಟವಾಗಿ ಬರೆದಿದ್ದಾನೆ: ದ್ವೀಪದ ಸುತ್ತಳತೆ ಸ್ಟಾಡಿಯಾ ಎಂಬ ಗ್ರೀಕ್ ಅಳತೆಯಲ್ಲಿ ಏಳು, ಆಕಾರ ರಂಗಮಂದಿರದಂತೆ ಎತ್ತರ, ಎರಡು ಬಂದರುಗಳಲ್ಲಿ ಒಂದನ್ನು ಮುಚ್ಚಬಹುದಿತ್ತು, ಅಲ್ಲಿ 20 ಹಡಗುಗಳ ನೌಕಾನೆಲೆ ಇತ್ತು. ಉತ್ತರದ ಚಿಕ್ಕ ಬಂದರು ಯುದ್ಧನೌಕೆಗಳಿಗೆ, ದಕ್ಷಿಣದ ದೊಡ್ಡದು ವ್ಯಾಪಾರಕ್ಕೆ.

ಅಲ್ಲಿನ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಿಡೀ ಉತ್ತರದಿಂದ ಬಲವಾದ ಗಾಳಿ ಬೀಸುತ್ತದೆ. ಭೂಶಿರ ದಾಟಲಾಗದ ಹಡಗುಗಳಿಗೆ ದಕ್ಷಿಣದ ಬಂದರು ಒಳ್ಳೆಯ ಆಸರೆ. ಸಂತ ಪೌಲನನ್ನು ರೋಮ್‌ಗೆ ಒಯ್ಯುತ್ತಿದ್ದ ಹಡಗು ಬಹಳ ದಿನ ಪ್ರಯಾಸಪಟ್ಟು ಕ್ನಿಡೋಸ್ ಎದುರಿಗೆ ಬಂದದ್ದು, ಗಾಳಿ ಬಿಡದೆ ಕ್ರೀಟ್ ಕಡೆಗೆ ತಿರುಗಿದ್ದು ಬೈಬಲ್‌ನ 'ಅಪೊಸ್ತಲರ ಕೃತ್ಯಗಳು' ಭಾಗದಲ್ಲಿದೆ. ಹೀಗೆ ಗಾಳಿಗಾಗಿ ಕಾಯುವ ಹಡಗುಗಳು ಸರಕು ಇಳಿಸುತ್ತವೆ, ಏರಿಸುತ್ತವೆ, ನೀರು ತುಂಬಿಕೊಳ್ಳುತ್ತವೆ. ಬಂದರು ಬೆಳೆಯುವುದೇ ಹಾಗೆ.

ಅಫ್ರೊಡೈಟಿ ವಿಗ್ರಹದ ಊರು ಇದೇ ಅಲ್ಲವೇ? ಅದನ್ನು ಬಿಟ್ಟು ಮಡಕೆಯ ಬಗ್ಗೆ ಏಕೆ ಇಷ್ಟು ಮಾತು?

ಹೌದು, ಇದೇ ಊರು. ಕ್ರಿ.ಪೂ. 4ನೇ ಶತಮಾನದಲ್ಲಿ ಪ್ರಾಕ್ಸಿಟೆಲಿಸ್ ಎಂಬ ಶಿಲ್ಪಿ ಕಡೆದ, ಗ್ರೀಕರ ಪ್ರೇಮದೇವತೆ ಅಫ್ರೊಡೈಟಿಯ ನಗ್ನ ವಿಗ್ರಹವನ್ನು ನೋಡಲೆಂದೇ ಜನ ಹಡಗು ಹತ್ತಿ ಬರುತ್ತಿದ್ದರು. ಊರಿನ ಸಾಲವನ್ನೆಲ್ಲ ತೀರಿಸುತ್ತೇನೆ, ವಿಗ್ರಹ ಕೊಡಿ ಎಂದು ರಾಜ ನಿಕೊಮಿಡಿಸ್ ಕೇಳಿದ. ಊರಿನವರು ಒಪ್ಪಲಿಲ್ಲ. ಇದನ್ನು ಬರೆದವನು ರೋಮನ್ ಲೇಖಕ ಪ್ಲಿನಿ.

ಆ ಮೂಲ ವಿಗ್ರಹ ಇಂದು ಇಲ್ಲ. ಉಳಿದಿರುವುದು ರೋಮನ್ ಕಾಲದ ಪ್ರತಿಗಳು ಮಾತ್ರ. ಕ್ನಿಡೋಸ್‌ನ ಮಡಕೆಯ ಹಿಡಿಗಳಾದರೋ ಸಾವಿರಾರು ಸಂಖ್ಯೆಯಲ್ಲಿ ಉಳಿದಿವೆ, ಅವುಗಳ ಮೇಲೆ ಊರಿನ ಹೆಸರಿದೆ, ಅಧಿಕಾರಿಯ ಹೆಸರಿದೆ, ಜಾಡಿ ಮಾಡಿಸಿದವನ ಹೆಸರಿದೆ. ವಿಗ್ರಹ ಊರಿಗೆ ಕೀರ್ತಿ ತಂದಿತು. ಊರು ಹೊಟ್ಟೆ ಹೊರೆದದ್ದು ಹೇಗೆ ಎಂದು ತಿಳಿಯಬೇಕಾದರೆ ಈ ಬೋಕಿಚೂರುಗಳನ್ನೇ ಕೇಳಬೇಕು. ನನ್ನ ಮಟ್ಟಿಗೆ ಕ್ನಿಡೋಸ್‌ನ ನಿಜವಾದ ಕಡತಕೋಣೆ ಇದು.

ಗ್ರೀಕರ ಊರು ರೋಮನ್ನರದ್ದಾದದ್ದು ಯಾವಾಗ?

ಒಂದೇ ದಿನದಲ್ಲಿ ಆದದ್ದಲ್ಲ. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಷಿಯನ್ನರು ಏರಿಬಂದಾಗ ಕ್ನಿಡೋಸ್‌ನವರು ತಮ್ಮ ಪರ್ಯಾಯ ದ್ವೀಪವನ್ನೇ ಕಾಲುವೆ ತೋಡಿ ದ್ವೀಪವಾಗಿಸಲು ಹೊರಟಿದ್ದರು. ಕಲ್ಲಿನ ಚಕ್ಕೆ ಸಿಡಿದು ಕೆಲಸಗಾರರ ಕಣ್ಣಿಗೆ ಪೆಟ್ಟಾಗುತ್ತಿತ್ತು. ಡೆಲ್ಫಿಯ ದೈವವನ್ನು ಕೇಳಿದಾಗ ತೋಡಬೇಡಿ ಎಂಬ ಉತ್ತರ ಬಂತು, ಊರು ಶರಣಾಯಿತು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಕ್ರಿ.ಪೂ. 394ರಲ್ಲಿ ಇದೇ ಕಡಲಲ್ಲಿ ಅಥೆನ್ಸ್‌ನ ನೌಕಾಧಿಪತಿ ಕೊನೊನ್ ಪರ್ಷಿಯನ್ ನೌಕಾಪಡೆಯ ಜೊತೆ ಸೇರಿ ಸ್ಪಾರ್ಟಾದ ನೌಕಾಬಲವನ್ನು ಮುರಿದ.

ಕ್ರಿ.ಪೂ. 2ನೇ ಶತಮಾನದಲ್ಲಿ ರೋಮ್‌ನ ಪ್ರಭಾವ ಬಂತು. ಸುಮಾರು ಕ್ರಿ.ಪೂ. 100ರ, ಕಡಲ್ಗಳ್ಳತನ ತಡೆಯುವ ವಿಚಾರವೂ ಸೇರಿದ್ದ ಒಂದು ರೋಮನ್ ಕಾನೂನಿನ ಗ್ರೀಕ್ ಪಾಠ ಕ್ನಿಡೋಸ್‌ನಲ್ಲಿ ಕಲ್ಲಿನ ಮೇಲೆ ಸಿಕ್ಕಿದೆ. ಬಂದರಿನ ಊರಿಗೆ ಅದಕ್ಕಿಂತ ಹತ್ತಿರದ ಕಾನೂನು ಬೇರೆ ಇರಲಾರದು.

ಇನ್ನೊಂದು ಶಾಸನ ಕ್ರಿ.ಪೂ. 6ರ ಸುಮಾರಿನದು, ಚಕ್ರವರ್ತಿ ಆಗಸ್ಟಸ್ ಕ್ನಿಡೋಸ್‌ನವರಿಗೆ ಬರೆದ ಪತ್ರ. ಮೂರು ರಾತ್ರಿ ಒಂದು ಮನೆಗೆ ಮುತ್ತಿಗೆ ಹಾಕಿ ಬೈಯುತ್ತಿದ್ದವರ ಮೇಲೆ ಮಲಮೂತ್ರ ಸುರಿಯಲು ಹೋದ ಗುಲಾಮನ ಕೈಯಿಂದ ಮಡಕೆ ಜಾರಿತು, ಕೆಳಗಿದ್ದ ಒಬ್ಬ ಸತ್ತ. ಮನೆಯ ಗಂಡ ಹೆಂಡತಿಯ ಮೇಲೆ ಕೊಲೆಯ ಆರೋಪ ಬಂತು. ಆಗಸ್ಟಸ್ ಮನೆಯವರ ಪರವಾಗಿ ತೀರ್ಪು ಕೊಟ್ಟು, ಊರಿನವರ ಕಠೋರತನವನ್ನು ಆಕ್ಷೇಪಿಸಿದ. ಮಣ್ಣಿನ ಮಡಕೆಯೊಂದು ಚಕ್ರವರ್ತಿಯ ತನಕ ಹೋದ ಪ್ರಕರಣ ಇದು. ಸ್ವತಂತ್ರ ಊರು ಎನ್ನಿಸಿಕೊಂಡರೂ ಕೊನೆಯ ಮಾತು ರೋಮ್‌ನದೇ ಆಗಿತ್ತು ಎಂಬುದೂ ಇದರಿಂದ ತಿಳಿಯುತ್ತದೆ.

## ಜಾಡಿ, ಮಣ್ಣು, ಆವಿಗೆ

ಆಂಫೊರಾ ಎಂದರೇನು? ನೆಲದ ಮೇಲೆ ನಿಲ್ಲದ ಹಾಗೆ ಅದರ ತಳವನ್ನು ಮೊನಚು ಮಾಡಿದ್ದೇಕೆ?

ಉದ್ದ ಕತ್ತು, ಎರಡು ಹಿಡಿ, ಕೆಳಗೆ ಸಪೂರವಾಗುತ್ತ ಹೋಗುವ ಒಡಲು: ಇದು ಸರಕು ಸಾಗಿಸುವ ಆಂಫೊರಾ. ದ್ರಾಕ್ಷಾರಸದ ಸಾಮಾನ್ಯ ಆಂಫೊರಾಗಳು 25ರಿಂದ 40 ಲೀಟರ್ ಹಿಡಿಯುತ್ತಿದ್ದವು.

ಅದನ್ನು ಮಾಡಿದ್ದು ಮನೆಯ ಮೂಲೆಯಲ್ಲಿ ನಿಲ್ಲಿಸಲು ಅಲ್ಲ, ಹಡಗಿನ ಒಡಲಿಗೆ. ಕೆಳಸಾಲಿನ ಜಾಡಿಗಳ ಹೆಗಲುಗಳ ನಡುವಿನ ಸಂದಿಯಲ್ಲಿ ಮೇಲಿನ ಸಾಲಿನ ತಳ ಇಳಿದು ಕೂರುತ್ತದೆ, ಅಲೆ ಎಷ್ಟು ಎಸೆದರೂ ಸಾಲು ಕದಲುವುದಿಲ್ಲ. ಚಪ್ಪಟೆ ತಳದ ಅಂಚು ಬೇಗ ಒಡೆಯುತ್ತದೆ, ಮೊನಚು ತಳಕ್ಕೆ ಆ ಭಯವಿಲ್ಲ. ಬಗ್ಗಿಸುವಾಗ ಒಂದು ಕೈ ಹಿಡಿಗೆ, ಇನ್ನೊಂದು ಕೈ ತಳಕ್ಕೆ. ದಡದಲ್ಲಿ ಮರಳಿನಲ್ಲಿ ಊರಿ ನಿಲ್ಲಿಸುತ್ತಿದ್ದರು.

ಕ್ನಿಡೋಸ್‌ನ ಜಾಡಿಗೆ ಒಂದು ಗುರುತಿದೆ. ತಳದ ಮೊನೆಯ ಸುತ್ತ ಮಣ್ಣಿನ ಉಂಗುರ ತೊಡಿಸಿದಂತೆ ಒಂದು ಉಬ್ಬು. ಬೇರೇನೂ ಸಿಗದೆ ಈ ತಳದ ತುಂಡೊಂದೇ ಸಿಕ್ಕರೂ ಪಳಗಿದ ಕಣ್ಣು ಕ್ನಿಡೋಸ್ ಎನ್ನುತ್ತದೆ.

ಮಣ್ಣಿನ ಜಾಡಿಯಲ್ಲಿ ದ್ರಾಕ್ಷಾರಸ ಜಿನುಗಿ ಹೋಗುವುದಿಲ್ಲವೇ?

ಹಾಗೆಯೇ ತುಂಬಿದರೆ ಜಿನುಗುತ್ತದೆ. ಅದಕ್ಕೇ ಒಳಗೋಡೆಗೆ ಪೈನ್ ಮರದ ರಾಳವನ್ನು ಕಾಯಿಸಿ ಬಳಿಯುತ್ತಿದ್ದರು. ಬಾಯಿಗೆ ಬಿರಡೆ ಹಾಕಿ ಮೇಲೆ ಮೆತ್ತುತ್ತಿದ್ದರು. ಕಡಲ ತಳದಿಂದ ಎತ್ತಿದ ಜಾಡಿಗಳಲ್ಲಿ ಈ ಕಪ್ಪು ಲೇಪ ಇಂದಿಗೂ ಕಾಣಸಿಗುತ್ತದೆ. ಎಣ್ಣೆ ತುಂಬುವ ಜಾಡಿಗಳಿಗೆ ಸಾಮಾನ್ಯವಾಗಿ ರಾಳ ಬಳಿಯುತ್ತಿರಲಿಲ್ಲ.

ಈ ಜಾಡಿಗಳನ್ನು ಬಂದರಿನಲ್ಲೇ ಮಾಡುತ್ತಿದ್ದರೇ?

ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಬಂದರಿನಿಂದ ದೂರ. ತೆಕಿರ್ ಭೂಶಿರ ಬಂಡೆಗಲ್ಲಿನ ಇಳಿಜಾರು. ಹದವಾದ ಮಣ್ಣು, ಸಿಹಿನೀರು, ಸೌದೆ, ದ್ರಾಕ್ಷಿತೋಟ ನಾಲ್ಕೂ ಒಟ್ಟಿಗೆ ಇದ್ದದ್ದು ಪರ್ಯಾಯ ದ್ವೀಪದ ನಡುಭಾಗದ ಬಯಲಿನಲ್ಲಿ. ಇಂದಿನ ದಾಟ್ಚಾ ಪಟ್ಟಣದ ಬಳಿಯ ರೆಶಾದಿಯೆಯಲ್ಲಿ 1980ರ ದಶಕದಿಂದ ಪುರಾತತ್ತ್ವಜ್ಞರಾದ ನುಮಾನ್ ತುನಾ ಮತ್ತು ಜಾನ್-ಈವ್ ಎಂಪೆರರ್ ನಡೆಸಿದ ಕೆಲಸದಲ್ಲಿ ಆವಿಗೆಗಳೂ ಕೆಟ್ಟ ಜಾಡಿಗಳ ರಾಶಿಗಳೂ ಹೊರಬಂದವು. ಬೆಂಕಿಗೆ ಸೊಟ್ಟಗಾದ ಜಾಡಿಯನ್ನು ಯಾರೂ ಮಾರುವುದಿಲ್ಲ, ದೂರ ಒಯ್ಯುವುದೂ ಇಲ್ಲ, ಸುಟ್ಟ ಕಡೆಯೇ ಎಸೆಯುತ್ತಾರೆ. ಆದ್ದರಿಂದ ತಯಾರಿಕೆಯ ಜಾಗ ಹುಡುಕುವವರಿಗೆ ಇಡೀ ಜಾಡಿಗಿಂತ ಕೆಟ್ಟ ಜಾಡಿಯೇ ದೊಡ್ಡ ಸಾಕ್ಷಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕ್ನಿಡೋಸ್ ಎಂದರೆ ಬಂದರು, ದೇವಾಲಯ, ರಂಗಮಂದಿರ ಎಂದಷ್ಟೇ ನಕ್ಷೆಯಲ್ಲಿ ಗುರುತು ಹಾಕುತ್ತೇವೆ. ಹಡಗು ಹತ್ತಿದ ಪ್ರತಿ ಜಾಡಿಯ ಹಿಂದೆ ತೋಟದವನು, ಮಣ್ಣು ತುಳಿದವನು, ಸೌದೆ ಹೊತ್ತವನು ಇದ್ದಾರೆ. ಅವರಿದ್ದ ಹಳ್ಳಿಗಾಡನ್ನು ಬಿಟ್ಟು ಬಂದರನ್ನು ಮಾತ್ರ ನೋಡಿದರೆ ಊರು ಅರ್ಧವೇ ಕಾಣುತ್ತದೆ.

ಆವಿಗೆ ಹೇಗಿತ್ತು? ನಮ್ಮ ಕುಂಬಾರರು ಸುಡುವ ಹಾಗೆಯೇ?

ನಮ್ಮ ಅನೇಕ ಹಳ್ಳಿಗಳಲ್ಲಿ ಮಡಕೆ, ಸೌದೆ, ಹುಲ್ಲು ಎಲ್ಲವನ್ನೂ ಒಟ್ಟಿಗೆ ಪೇರಿಸಿ ಮೇಲೆ ಮಣ್ಣು ಮೆತ್ತಿ ಸುಡುತ್ತಾರೆ. ಅಲ್ಲಿ ಬೆಂಕಿ ಮಡಕೆಗೆ ತಾಗಿಕೊಂಡೇ ಇರುತ್ತದೆ. ಗ್ರೀಕ್ ಮತ್ತು ರೋಮನ್ ಆವಿಗೆಯಲ್ಲಿ ಎರಡು ಅಂತಸ್ತು. ಕೆಳಗೆ, ಹೆಚ್ಚಾಗಿ ನೆಲದೊಳಗೆ ತೋಡಿದ ಬೆಂಕಿಗೂಡು. ಅದರ ಮೇಲೆ ತೂತುಗಳಿರುವ ದಪ್ಪ ಮಣ್ಣಿನ ಹಾಸು, ಅದಕ್ಕೆ ಆಧಾರವಾಗಿ ನಡುವೆ ಕಂಬ ಅಥವಾ ಕಮಾನು. ಹಾಸಿನ ಮೇಲೆ ಜಾಡಿಗಳು, ಅವುಗಳ ಮೇಲೆ ಗುಮ್ಮಟ. ಬಿಸಿಗಾಳಿ ತೂತುಗಳಿಂದ ಮೇಲೇರಿ ಜಾಡಿಗಳ ನಡುವೆ ಹಾದು ಹೊರಹೋಗುತ್ತದೆ. 800 ಡಿಗ್ರಿಗಿಂತ ಮೇಲಿನ ಶಾಖವನ್ನು ಹಿಡಿದಿಡಲು ಇದು ಅನುಕೂಲ.

ಆಂಫೊರಾವನ್ನು ತಿಗುರಿಯ ಮೇಲೆ ಒಂದೇ ಸಲಕ್ಕೆ ಎತ್ತುವುದು ಕಷ್ಟ. ಭಾಗ ಭಾಗವಾಗಿ ಎತ್ತಿ, ಸ್ವಲ್ಪ ಆರಿದ ಮೇಲೆ ಜೋಡಿಸಿ, ತಳದ ಮೊನೆ ಕೂಡಿಸಿ, ಕೊನೆಗೆ ಹಿಡಿ ಅಂಟಿಸುತ್ತಿದ್ದರು. ಹಿಡಿ ಇನ್ನೂ ಹಸಿಯಾಗಿರುವಾಗಲೇ ಮುದ್ರೆ ಒತ್ತಬೇಕಿತ್ತು.

ಮುದ್ರೆಯಲ್ಲಿ ಏನು ಬರೆದಿದೆ?

ಹಿಡಿಯ ಮೇಲ್ಭಾಗದಲ್ಲಿ ಆಯತಾಕಾರದ, ಕೆಲವೊಮ್ಮೆ ದುಂಡನೆಯ ಒತ್ತು. ಒಳಗೆ ಎರಡು ಮೂರು ಸಾಲು ಗ್ರೀಕ್ ಅಕ್ಷರ. ಮಾದರಿ ಹೀಗಿರುತ್ತದೆ: ಆ ವರ್ಷದ ಅಧಿಕಾರಿಯ ಹೆಸರು, ಜಾಡಿ ತಯಾರಿಕೆಯ ಹೊಣೆ ಹೊತ್ತವನ ಹೆಸರು, 'ಕ್ನಿಡೋಸ್‌ನದು' ಎಂಬ ಪದ. ನಡುವೆ ಅಥವಾ ಪಕ್ಕದಲ್ಲಿ ಚಿಕ್ಕ ಚಿಹ್ನೆ, ಉದಾಹರಣೆಗೆ ಎತ್ತಿನ ತಲೆ ಅಥವಾ ಲಂಗರು.

ಓದುವುದು ಸುಲಭವಲ್ಲ. ಅವಸರದಲ್ಲಿ ಒತ್ತಿದ ಮುದ್ರೆಗಳಲ್ಲಿ ಒಂದು ಅಂಚು ಆಳ, ಇನ್ನೊಂದು ಅಂಚು ಮಾಯ. ಅಚ್ಚು ಕೊರೆದವನು ಅಕ್ಷರವನ್ನು ನೇರವಾಗಿಯೇ ಕೊರೆದಿದ್ದರೆ ಜೇಡಿಮಣ್ಣಿನ ಮೇಲೆ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುತ್ತದೆ. ದೀಪವನ್ನು ಓರೆಯಾಗಿ ಹಿಡಿದು ನೆರಳಿನಲ್ಲಿ ಗೆರೆ ಹುಡುಕಬೇಕು, ಇಲ್ಲವೇ ಕಾಗದ ಹಚ್ಚಿ ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆಯಬೇಕು. ಒಂದು ಹಿಡಿಯಲ್ಲಿ ಹೆಸರಿನ ಮೊದಲರ್ಧ, ಅದೇ ಅಚ್ಚಿನಿಂದ ಒತ್ತಿದ ಮತ್ತೊಂದು ಹಿಡಿಯಲ್ಲಿ ಉಳಿದರ್ಧ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಎರಡು ಸಾವಿರ ವರ್ಷದ ಹಿಂದಿನ ಒಬ್ಬನ ಹೆಸರು ಪೂರ್ತಿಯಾಗುತ್ತದೆ. ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಮೊದಲು ನೆನೆಯಬೇಕಾದದ್ದು ವರ್ಜೀನಿಯಾ ಗ್ರೇಸ್ (1901–1994) ಅವರನ್ನು. ಅಥೆನ್ಸ್‌ನಲ್ಲಿ ಕುಳಿತು ಜೀವಮಾನವಿಡೀ ಇಂಥ ಹಿಡಿಗಳನ್ನು ಓದಿ, ವಿಂಗಡಿಸಿ, ದಾಖಲಿಸಿದ ವಿದುಷಿ ಅವರು.

ಕ್ನಿಡೋಸ್ ಬರೀ ಆಂಫೊರಾವನ್ನೇ ಮಾಡುತ್ತಿತ್ತೇ?

ಇಲ್ಲ. ಕ್ರಿ.ಪೂ. 2–1ನೇ ಶತಮಾನದ ತೆಳುಗೋಡೆಯ ಎರಡು ಹಿಡಿಯ ಬಟ್ಟಲುಗಳು, ಬೂದುಬಣ್ಣದ ಹಣತೆಗಳು ಹೊರನಾಡುಗಳಲ್ಲೂ ಸಿಕ್ಕಿವೆ. ರೋಮನ್ ಕಾಲದಲ್ಲಿ ಅಚ್ಚಿನ ಕೆಲಸ ಮೇಲೆದ್ದಿತು. ಎರಡು ಅರ್ಧ ಅಚ್ಚುಗಳಲ್ಲಿ ಒತ್ತಿ ಜೋಡಿಸಿದ, ಮೈಮೇಲೆ ಉಬ್ಬುಚಿತ್ರವಿರುವ ದ್ರಾಕ್ಷಾರಸದ ಹೂಜಿಗಳು ಈ ಊರಿನ ಹೆಸರಿನಿಂದಲೇ ಪ್ರಸಿದ್ಧ. ಡಯೊನೈಸಸ್ ದೇವರು, ಅವನ ಪರಿವಾರ, ದ್ರಾಕ್ಷಿಬಳ್ಳಿ ಇವು ಮೆಚ್ಚಿನ ವಸ್ತು. ಕ್ರಿ.ಶ. 1–2ನೇ ಶತಮಾನದ ಹಣತೆಗಳ ತಳದಲ್ಲಿ ರೊಮಾನೆಸಿಸ್ ಎಂಬ ಹೆಸರು ಪೂರ್ವ ಮೆಡಿಟರೇನಿಯನ್‌ನ ಅನೇಕ ಕಡೆ ಕಾಣುತ್ತದೆ. ಅವನ ಕಾರ್ಯಾಗಾರ ಕ್ನಿಡೋಸ್‌ನಲ್ಲಿತ್ತು ಎಂಬುದು ಬಲವಾದ ಅಭಿಪ್ರಾಯ. 1857–59ರಲ್ಲಿ ಇಲ್ಲಿ ಅಗೆಸಿದ ಬ್ರಿಟಿಷ್ ಪುರಾತತ್ತ್ವಜ್ಞ ಚಾರ್ಲ್ಸ್ ನ್ಯೂಟನ್‌ಗೆ ಡಿಮೀಟರ್ ದೇವಿಯ ಆವರಣದಲ್ಲಿ ಹರಕೆಗೆ ಇಟ್ಟ ಹಣತೆಗಳು ರಾಶಿರಾಶಿಯಾಗಿ ಸಿಕ್ಕಿದ್ದವು.

## ಇನ್ನೂ ಆಳಕ್ಕೆ

ಕ್ನಿಡೋಸ್‌ನ ಹಿಡಿಗಳು ಅಥೆನ್ಸ್‌ನಲ್ಲೇ ಏಕೆ ಅಷ್ಟು ಸಿಕ್ಕುತ್ತವೆ?

ಅಥೆನ್ಸ್‌ನವರು ಕ್ನಿಡೋಸ್‌ನ ದ್ರಾಕ್ಷಾರಸವನ್ನು ಹೇರಳವಾಗಿ ಕುಡಿದರು, ಅದಕ್ಕೆ. ಅಲ್ಲಿ ಸಿಕ್ಕಿದ ಹೊರನಾಡಿನ ಮುದ್ರೆಯ ಹಿಡಿಗಳಲ್ಲಿ ಅತಿ ದೊಡ್ಡ ಪಾಲು ಕ್ನಿಡೋಸ್‌ನದು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಚಿತ್ರ ಬೇರೆ, ಅಲ್ಲಿ ರೋಡ್ಸ್ ದ್ವೀಪದ ಮುದ್ರೆಗಳದೇ ಮೇಲುಗೈ. ಅಂದರೆ ಒಂದೊಂದು ಊರಿನ ಸರಕಿಗೆ ಒಂದೊಂದು ಪೇಟೆ ಒಲಿದಿತ್ತು. ಕ್ರಿ.ಪೂ. 166ರ ಬಳಿಕ ಡೆಲೊಸ್ ದ್ವೀಪ ಅಥೆನ್ಸ್ ಕೈಗೆ ಬಂದು ಸುಂಕವಿಲ್ಲದ ಬಂದರಾದದ್ದು ಈ ವ್ಯಾಪಾರಕ್ಕೆ ಇಂಬು ಕೊಟ್ಟಿತು. ಅಲ್ಲೂ ಕ್ನಿಡೋಸ್‌ನ ಜಾಡಿಗಳು ತುಂಬಿವೆ. ಒಳ್ಳೆಯ ದ್ರಾಕ್ಷಾರಸದ ಊರುಗಳನ್ನು ಹೆಸರಿಸುವಾಗ ಸ್ಟ್ರಾಬೊ ಕ್ನಿಡೋಸ್ ಅನ್ನೂ ಸೇರಿಸುತ್ತಾನೆ.

ಒಂದು ಹಿಡಿ ಯಾವ ವರ್ಷದ್ದು ಎಂದು ಹೇಗೆ ಹೇಳುತ್ತೀರಿ?

ಎರಡು ಹಂತ. ಮೊದಲು ಹೆಸರುಗಳನ್ನು ಕೊಂಡಿ ಕೊಂಡಿಯಾಗಿ ಜೋಡಿಸುವುದು: ಒಬ್ಬ ತಯಾರಕ ಯಾವ ಯಾವ ಅಧಿಕಾರಿಗಳ ಕಾಲದಲ್ಲಿ ಕೆಲಸ ಮಾಡಿದ, ಆ ಅಧಿಕಾರಿಗಳ ಕಾಲದಲ್ಲಿ ಇನ್ಯಾರು ಇದ್ದರು ಎಂದು ನೋಡುತ್ತ ಹೋದರೆ ಸರಣಿ ಸಿಗುತ್ತದೆ. ಆಮೇಲೆ ಆ ಸರಣಿಯನ್ನು ಇತಿಹಾಸದ ಗೂಟಗಳಿಗೆ ಕಟ್ಟುವುದು. ರೋಮನ್ನರು ಗ್ರೀಸ್‌ನ ಕಾರಿಂತ್ ನಗರವನ್ನು ನಾಶಮಾಡಿದ್ದು ಕ್ರಿ.ಪೂ. 146ರಲ್ಲಿ. ರೋಮನ್ ಸೇನಾಪತಿ ಸುಲ್ಲಾ ಅಥೆನ್ಸ್ ಅನ್ನು ಸೂರೆ ಮಾಡಿದ್ದು 86ರಲ್ಲಿ. ಆ ವಿನಾಶದ ಪದರಗಳಲ್ಲಿ ಸಿಕ್ಕ ಹಿಡಿ ಅದಕ್ಕಿಂತ ಹಿಂದಿನದೇ ಆಗಿರಬೇಕು.

ಕ್ನಿಡೋಸ್‌ನ ಸರಣಿಯಲ್ಲಿ ಒಂದು ವಿಶೇಷ ಗುಂಪಿದೆ. ಸುಮಾರು ಕ್ರಿ.ಪೂ. 108ರಿಂದ 88ರ ತನಕದ ಮುದ್ರೆಗಳಲ್ಲಿ ಮಾಮೂಲಿ ಅಧಿಕಾರಿಯ ಜೊತೆಗೆ ಇನ್ನಿಬ್ಬರ ಹೆಸರು ಸೇರುತ್ತದೆ. ಈ ಜೋಡಿ ಯಾರು, ರೋಮ್‌ನ ತೆರಿಗೆಗೂ ಅವರಿಗೂ ಸಂಬಂಧವಿತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಈ ಗುಂಪು ನಿಲ್ಲುವ ಹೊತ್ತಿಗೇ ಕಪ್ಪು ಸಮುದ್ರದ ಕಡೆಯ ಪೊಂಟಸ್ ರಾಜ್ಯದ ದೊರೆ ಮಿಥ್ರಿಡೇಟಿಸ್ ರೋಮ್ ವಿರುದ್ಧ ಎದ್ದು ಏಜಿಯನ್ ಹೊತ್ತಿ ಉರಿಯುತ್ತಿತ್ತು. ಎರಡಕ್ಕೂ ನಂಟಿದೆ ಎಂದು ನಾನು ನಂಬುತ್ತೇನೆ.

ಮುದ್ರೆಯ ಹೆಸರು ಕುಂಬಾರನದೋ ಯಜಮಾನನದೋ?

ಬಹುಮಟ್ಟಿಗೆ ಕಾರ್ಯಾಗಾರದ ಹೊಣೆ ಹೊತ್ತವನದು. ಅವನೇ ತಿಗುರಿ ತಿರುಗಿಸಿದನೇ, ಆಳುಗಳನ್ನೋ ಗುಲಾಮರನ್ನೋ ಇಟ್ಟು ಮಾಡಿಸಿದನೇ ಎಂಬುದು ಮುದ್ರೆಯಿಂದ ತಿಳಿಯದು. ಅಧಿಕಾರಿಯ ಹೆಸರು ಇರುವುದರಿಂದ ಊರಿನ ಆಡಳಿತದ ಕಣ್ಣು ಈ ತಯಾರಿಕೆಯ ಮೇಲಿತ್ತು ಎಂಬುದಂತೂ ಖಚಿತ.

ಮುದ್ರೆಯೇ ಇಲ್ಲದ ಚೂರು ಕ್ನಿಡೋಸ್‌ನದೆಂದು ಹೇಗೆ ಗೊತ್ತಾಗುತ್ತದೆ?

ಮೊದಲು ಆಕಾರ, ಆಮೇಲೆ ಮಣ್ಣು. ಚೂರಿನಿಂದ ಕೂದಲೆಳೆಯಷ್ಟು ತೆಳುವಾದ ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಖನಿಜದ ಕಣಗಳು ಯಾವ ಬಗೆಯ ಬಂಡೆಯಿಂದ ಬಂದವು ಎಂದು ಹೇಳಬಹುದು. ರಾಸಾಯನಿಕ ವಿಶ್ಲೇಷಣೆಯಿಂದ ಮೂಲಧಾತುಗಳ ಪ್ರಮಾಣ ಸಿಗುತ್ತದೆ. ಅದನ್ನು ಆವಿಗೆಯ ಬಳಿಯ ಕೆಟ್ಟ ಜಾಡಿಗಳ ಮಣ್ಣಿನೊಡನೆ ಹೋಲಿಸುತ್ತಾರೆ. ಕಾರ್ಯಾಗಾರದ ಜಾಗ ಸಿಕ್ಕಿದ್ದರಿಂದಲೇ ಈ ಹೋಲಿಕೆಗೆ ಗಟ್ಟಿ ನೆಲೆ ಬಂತು. ಮುದ್ರೆಯನ್ನು ಯಾರಾದರೂ ಅನುಕರಿಸಬಹುದು, ಮಣ್ಣನ್ನು ಅನುಕರಿಸಲಾಗದು.

ಹಳೆಯ ಕ್ನಿಡೋಸ್ ಬೇರೆ ಕಡೆ ಇತ್ತು ಎಂದು ಓದಿದ್ದೇನೆ. ನಿಜವೇ?

ಬಹುಕಾಲದ ಚರ್ಚೆ ಇದು. ದಾಟ್ಚಾ ಬಳಿಯ ಬುರ್ಗಾಜ್‌ನಲ್ಲಿ ಹಳೆಯ ಊರಿನ ಅವಶೇಷಗಳಿವೆ. ಕ್ರಿ.ಪೂ. 4ನೇ ಶತಮಾನದಲ್ಲಿ ಊರು ಅಲ್ಲಿಂದ ತೆಕಿರ್ ಭೂಶಿರಕ್ಕೆ ಸ್ಥಳಾಂತರವಾಯಿತು ಎಂಬ ವಾದವನ್ನು ಬೀನ್ ಮತ್ತು ಕುಕ್ ಎಂಬ ಬ್ರಿಟಿಷ್ ವಿದ್ವಾಂಸರು 1950ರ ದಶಕದಲ್ಲಿ ಮುಂದಿಟ್ಟರು. ಇಲ್ಲ, ಊರು ಮೊದಲಿನಿಂದಲೂ ತೆಕಿರ್‌ನಲ್ಲೇ ಇತ್ತು ಎನ್ನುವವರೂ ಇದ್ದಾರೆ. ಮಡಕೆಯ ದೃಷ್ಟಿಯಿಂದ ನನಗೆ ಮುಖ್ಯವೆನಿಸುವುದು ಇನ್ನೊಂದು: ಬುರ್ಗಾಜ್ 4ನೇ ಶತಮಾನದ ಬಳಿಕ ಪಾಳುಬೀಳಲಿಲ್ಲ. ವಾಸದ ಮನೆಗಳಿದ್ದ ಜಾಗ ಕಾರ್ಯಾಗಾರಗಳಿಗೆ ತಿರುಗಿತು. ಆವಿಗೆಗಳ ಬಯಲಿಗೆ ಅದು ಹತ್ತಿರದ ರೇವು.

ಇದಕ್ಕೂ ಭಾರತಕ್ಕೂ, ಅದರಲ್ಲೂ ಕರ್ನಾಟಕಕ್ಕೂ ಏನಾದರೂ ಸಂಬಂಧವಿದೆಯೇ?

ಕ್ನಿಡೋಸ್‌ನವನಾದ ಕ್ಟೀಸಿಯಸ್ ಪರ್ಷಿಯಾದ ದೊರೆ ಎರಡನೆಯ ಅರ್ಟಕ್ಸೆರ್ಕ್ಸಿಸ್‌ನ ಆಸ್ಥಾನ ವೈದ್ಯನಾಗಿದ್ದ. ಭಾರತವನ್ನು ಕಾಣದೆಯೇ, ಆ ಆಸ್ಥಾನದಲ್ಲಿ ಕೇಳಿದ್ದನ್ನು ಆಧರಿಸಿ ಭಾರತದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಅದ್ಭುತ ಕಥೆಗಳೇ ಹೆಚ್ಚು.

ಏಜಿಯನ್ ಕಡೆಯ ದ್ರಾಕ್ಷಾರಸದ ಜಾಡಿಗಳು ಭಾರತಕ್ಕೆ ಬಂದದ್ದಂತೂ ನಿಜ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಕೋಸ್ ಮಾದರಿಯ ಆಂಫೊರಾಗಳ ಚೂರುಗಳು ಸಿಕ್ಕಿವೆ. ಕ್ರಿ.ಶ. 1ನೇ ಶತಮಾನದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿ ಮಲಬಾರಿನ ಬಂದರುಗಳಿಗೆ ಬರುವ ಸರಕಿನಲ್ಲಿ ದ್ರಾಕ್ಷಾರಸವನ್ನು ಹೇಳಿ, ಹೆಚ್ಚೇನಿಲ್ಲ ಎಂದು ಸೇರಿಸುತ್ತದೆ.

ಕರ್ನಾಟಕದ ನಂಟು ಪುರಾತತ್ತ್ವದ ವಿಧಾನದ ಮೂಲಕ ಬಂದದ್ದು. 1945ರಲ್ಲಿ ಅರಿಕಮೇಡುವನ್ನು ಅಗೆಸಿದ ಮಾರ್ಟಿಮರ್ ವೀಲರ್‌ಗೆ ಇಟಲಿಯ ಕೆಂಪು ಮೆರುಗಿನ ತಟ್ಟೆಗಳು ಸಿಕ್ಕವು. ಅವುಗಳ ಕಾಲ ಮೊದಲೇ ಗೊತ್ತಿತ್ತು. ಅವುಗಳ ಜೊತೆಗಿದ್ದ, ತಳದಲ್ಲಿ ಚುಕ್ಕಿಗೆರೆಗಳ ಸುತ್ತುಗಳಿರುವ ರೂಲೆಟೆಡ್ ಮಡಕೆಗಳಿಗೂ ಹೀಗೆ ಕಾಲ ದೊರೆಯಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯನ್ನು ಅಗೆಸಿದಾಗ ಅದೇ ರೂಲೆಟೆಡ್ ಚೂರುಗಳು ಅಲ್ಲಿನ ಪದರಗಳ ಕಾಲ ನಿರ್ಣಯಕ್ಕೆ ಆಧಾರವಾದವು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಆ ರೂಲೆಟೆಡ್ ಮಡಕೆ ಮೆಡಿಟರೇನಿಯನ್‌ನಿಂದ ಬಂದದ್ದು ಎಂದು ಮೊದಲು ತಿಳಿದಿದ್ದರು. ಮಣ್ಣಿನ ವಿಶ್ಲೇಷಣೆ ಅದು ಭಾರತದಲ್ಲೇ ತಯಾರಾದದ್ದು ಎಂದು ತೋರಿಸಿತು. ಕ್ನಿಡೋಸ್‌ನ ಚೂರಿಗೆ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿ ಪಡೆದ ಉತ್ತರ ಅದು.

ಊರು ಕೊನೆಯಾದದ್ದು ಹೇಗೆ?

ಕ್ರೈಸ್ತರ ಕಾಲದಲ್ಲೂ ಊರು ನಡೆಯಿತು, ಹಲವು ಚರ್ಚುಗಳು ಎದ್ದವು. ಕ್ರಿ.ಶ. 7ನೇ ಶತಮಾನದಲ್ಲಿ ಅರಬ್ ನೌಕಾದಾಳಿಗಳು ಈ ಕರಾವಳಿಯನ್ನು ತಟ್ಟಿದವು. ಒಂದು ಚರ್ಚಿನ ನೆಲಹಾಸಿನ ಮೇಲೆ ಅರಬ್ಬಿ ಗೀಚುಬರಹಗಳೇ ಇವೆ. ಕಡಲದಾರಿ ಕೆಟ್ಟ ಮೇಲೆ ಭೂಶಿರದ ತುದಿಯಲ್ಲಿ ಬದುಕುವುದು ಕಷ್ಟವಾಯಿತು, ಜನ ಕರಗಿದರು.

ಇವನ್ನೆಲ್ಲ ಎಲ್ಲಿ ನೋಡಬಹುದು?

ದಾಟ್ಚಾ ಪಟ್ಟಣದಿಂದ ರಸ್ತೆಯಲ್ಲಿ ಕ್ನಿಡೋಸ್‌ಗೆ ಹೋಗಬಹುದು, ಬೇಸಿಗೆಯಲ್ಲಿ ದೋಣಿಯಲ್ಲೂ ಹೋಗುತ್ತಾರೆ. ನೆರಳು ಕಡಿಮೆ, ನೀರು ಜೊತೆಗಿರಲಿ. ಎರಡೂ ಬಂದರು ಒಟ್ಟಿಗೆ ಕಾಣಬೇಕಾದರೆ ಮೇಲಿನ ಮೆಟ್ಟಿಲುಸಾಲಿನ ತನಕ ಹತ್ತಬೇಕು. ಆಂಫೊರಾಗಳಿಗೆ ಬೊದ್ರುಮ್ ಕೋಟೆಯೊಳಗಿನ ನೀರಡಿಯ ಪುರಾತತ್ತ್ವ ವಸ್ತುಸಂಗ್ರಹಾಲಯ ನೋಡಿ. ಅಥೆನ್ಸ್‌ನ ಹಳೆಯ ಪೇಟೆಚೌಕವಾದ ಅಗೋರಾದಲ್ಲಿ ಅಟ್ಟಾಲಸ್ ಸ್ತೋವಾ ಎಂಬ ಕಂಬಸಾಲಿನ ಕಟ್ಟಡದಲ್ಲೂ ಜಾಡಿಗಳ ಸಾಲಿದೆ. ನ್ಯೂಟನ್ ಒಯ್ದ ಅಮೃತಶಿಲೆಯ ಸಿಂಹವೂ ಡಿಮೀಟರ್ ವಿಗ್ರಹವೂ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಕ್ನಿಡೋಸ್‌ನಲ್ಲಿ ನಡೆಯುವಾಗ ಕಾಲಡಿಯಲ್ಲಿ ಬೋಕಿಚೂರುಗಳು ಸಿಗುತ್ತವೆ. ದಯವಿಟ್ಟು ಒಂದನ್ನೂ ಎತ್ತಿಕೊಳ್ಳಬೇಡಿ. ಪುರಾತನ ವಸ್ತುವನ್ನು ದೇಶದಿಂದ ಹೊರಗೆ ಒಯ್ಯುವುದು ಟರ್ಕಿಯಲ್ಲಿ ಶಿಕ್ಷಾರ್ಹ ಅಪರಾಧ. ಮುದ್ರೆಯಿರುವ ಹಿಡಿ ಕಣ್ಣಿಗೆ ಬಿದ್ದರೆ ಇದ್ದಲ್ಲೇ ಬಿಟ್ಟು, ಚಿತ್ರ ತೆಗೆದು, ಅಲ್ಲಿನ ಕಾವಲುಗಾರರಿಗೆ ಜಾಗ ತೋರಿಸಿ.